ಸೊನ್ನೆಯ ಸೀಸೆ

ಬೆಸುಗೆಯವರು, ಪಂಪಿನವರು, ದಪ್ಪ ಕನ್ನಡಕದ ವಿಜ್ಞಾನಿಗಳು, ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸೀಸೆಯಕ್ಕ ಎಂದೇ. ಹನ್ನೆರಡು ವರ್ಷಗಳಿಂದ ಅವಳದು ಒಂದೇ ಕೆಲಸ. ತಿಂಗಳ ಮೊದಲ ವಾರ, ಯಂತ್ರಶಾಲೆಗೆ ಹೋಗಿಬರುವ ಪ್ರತಿಯೊಬ್ಬರಿಂದ ಒಂದೊಂದು ಪುಟ್ಟ ಸೀಸೆ ಮೂತ್ರ ತರಿಸಿಕೊಂಡು, ಅದರಲ್ಲಿ ಏನಿದೆ, ಎಷ್ಟಿದೆ ಎಂದು ಎಣಿಸಿ ಬರೆದಿಡುವುದು. ಹೊಸಬರು ನಾಚಿಕೊಂಡು ಸೀಸೆಯನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದರು. ಹಳಬರಿಗೆ ನಾಚಿಕೆ ಯಾವತ್ತೋ ಬಿಟ್ಟುಹೋಗಿತ್ತು. "ಅಕ್ಕಾ, ನಂದು ಅರ್ಧಾನೇ ಆಯ್ತು, ಪಕ್ಕದವನದ್ದು ಸ್ವಲ್ಪ ಸುರ್ಕೊಳ್ಳಲಾ?" ಎಂದು ಕೇಳುವ ಫಿಟ್ಟರೊಬ್ಬನಿದ್ದ. ಅವಳು ತಲೆಯೆತ್ತದೆ, "ಸುರ್ಕೋ, ಆಮೇಲೆ ಅವನ ಕಾಯಿಲೆಯನ್ನೂ ನೀನೇ ಇಟ್ಕೋ" ಎನ್ನುತ್ತಿದ್ದಳು.

ಯಂತ್ರಶಾಲೆಯ ನಡುವೆ ಮೂರಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಬಳೆಯಿತ್ತು. ಕೆಲಸಗಾರರು ಅದನ್ನು ದೊಡ್ಡ ಒಲೆ ಎನ್ನುತ್ತಿದ್ದರು. ಸೂರ್ಯನ ಹೊಟ್ಟೆಯೊಳಗೆ ನಡೆಯುವುದನ್ನೇ ಅದರೊಳಗೂ ನಡೆಸಬೇಕು. ಹೈಡ್ರೋಜನ್ನಿನ ಎರಡು ಭಾರದ ಬಗೆಗಳನ್ನು ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸಿ ಒಂದಕ್ಕೊಂದು ಸೇರಿಸಬೇಕು, ಸೇರುವಾಗ ಹೊರಬೀಳುವ ಶಾಖದಿಂದ ಮುಂದೊಂದು ದಿನ ಊರೂರಿಗೆ ದೀಪ ಹಚ್ಚಬೇಕು. ಹೊಗೆಯಿಲ್ಲ, ಬೂದಿಯಿಲ್ಲ, ಸಿಡಿಯುವ ಭಯವಿಲ್ಲ ಎಂದು ಹೆಬ್ಬಾಗಿಲ ಫಲಕದಲ್ಲಿ ಬರೆದಿತ್ತು. ಅದು ಸುಳ್ಳೂ ಅಲ್ಲ. ಆದರೆ ಆ ಎರಡು ಬಗೆಗಳಲ್ಲಿ ಒಂದಾದ ಟ್ರಿಟಿಯಮ್ಮಿಗೆ ಒಂದು ಕೆಟ್ಟ ಚಾಳಿ. ಇಟ್ಟ ಕಡೆ ಇರುವುದಿಲ್ಲ. ಎಲ್ಲಾದರೂ ಕೂದಲೆಳೆಯಷ್ಟು ಸಂದು ಸಿಕ್ಕರೆ ನುಸುಳಿ ಹೊರಬಂದು, ಗಾಳಿ ಸೇರಿ, ನೀರಾಗಿಬಿಡುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ, ಎಲ್ಲ ನೀರಿನಂಥದೇ ನೀರು. ಒಳಗೆ ಮಾತ್ರ ಒಂದು ಸಣ್ಣ ಕಿಡಿ ಇರುತ್ತದೆ. ಉಸಿರಿನಿಂದಲೋ ಬಾಯಿಂದಲೋ ಮೈಗೆ ಹೋದರೆ ಮೈಯ ನೀರಿನೊಡನೆ ಬೆರೆತು ಉಗುರಿನ ತುದಿಯವರೆಗೆ ಓಡಾಡುತ್ತದೆ. ಹತ್ತು ದಿನಕ್ಕೆ ಅರ್ಧ, ಇನ್ನು ಹತ್ತು ದಿನಕ್ಕೆ ಅದರ ಅರ್ಧ, ಹೀಗೆ ಮೂತ್ರದಲ್ಲಿ, ಬೆವರಿನಲ್ಲಿ ಇಳಿದುಹೋಗುತ್ತದೆ. ಸೀಸೆಯಕ್ಕ ಹಿಡಿಯುತ್ತಿದ್ದದ್ದು ಆ ಇಳಿದುಹೋಗುವುದನ್ನು. ಮೂತ್ರದ ನಾಲ್ಕು ಹನಿಯನ್ನು ಒಂದು ದ್ರವದಲ್ಲಿ ಬೆರೆಸಿ ಎಣಿಕೆಯಂತ್ರದ ಕತ್ತಲೆಯಲ್ಲಿ ಇಟ್ಟರೆ ಪ್ರತಿ ಕಿಡಿಗೂ ಒಂದು ಮಿನುಗು. ನಿಮಿಷಕ್ಕೆ ಎಷ್ಟು ಮಿನುಗು ಎಂಬುದೇ ಲೆಕ್ಕ. ಸಾವಿರ ದಾಟಿದರೆ ಆ ಮನುಷ್ಯನನ್ನು ಯಂತ್ರಶಾಲೆಯಿಂದ ಹೊರಗಿಟ್ಟು ವಿಚಾರಣೆ ಮಾಡಬೇಕು ಎಂಬುದು ನಿಯಮ.

ಯಾರ ಮೈಯಲ್ಲೂ ಇಪ್ಪತ್ತು ಇಪ್ಪತ್ತೆರಡು ಮಿನುಗು ಹೇಗೂ ಇದ್ದೇ ಇರುತ್ತದೆ. ಅದನ್ನು ಕಳೆದು ಉಳಿದದ್ದನ್ನು ಬರೆಯಬೇಕು. ಅದಕ್ಕಾಗಿ ಯಂತ್ರಶಾಲೆಯ ಕಡೆ ತಲೆಹಾಕದ ಯಾರಾದರೊಬ್ಬರ ಸೀಸೆ ಬೇಕು. ಅದೇ ಸೊನ್ನೆಯ ಸೀಸೆ. ಮೊದಲಿನಿಂದಲೂ ಅದು ಅವಳ ಅಣ್ಣನದು.

ಅಣ್ಣ ಅದೇ ಸಂಸ್ಥೆಯ ನೆಲಮಾಳಿಗೆಯಲ್ಲಿ ಚಹಾದ ಕ್ಯಾಂಟೀನು ನಡೆಸುತ್ತಿದ್ದ. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಹೋದಮೇಲೆ ಅವಳನ್ನು ಓದಿಸಿದವನು ಅವನೇ. ಅವಳು ಮದುವೆಯಾಗಲಿಲ್ಲ, ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ ಉಳಿದಳು. ಅತ್ತಿಗೆ ತೀರಿಕೊಂಡಮೇಲೆ ಕೆಳಗೆ ಅಣ್ಣ ಮತ್ತು ಅವನ ಮಗಳು ಗುಬ್ಬಿ. ಗುಬ್ಬಿಯ ಗಂಡ ಹಡಗಿನ ಕೆಲಸದವನು, ವರ್ಷಕ್ಕೆ ಎರಡು ಸಲ ಮುಖ ತೋರಿಸುವವನು. ಈಗ ಅವಳಿಗೆ ಆರು ತಿಂಗಳು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ಮೇಲು ಎಂದು ಅಪ್ಪನ ಜೊತೆ ಕ್ಯಾಂಟೀನಿಗೆ ಬಂದು ಲೋಟ ಜೋಡಿಸುತ್ತಿದ್ದಳು.

"ಸಾಯೋವರೆಗೂ ನಾನು ನಿನ್ನ ಸೊನ್ನೇನೇ ಏನೇ?" ಎಂದು ಅಣ್ಣ ತಿಂಗಳಿಗೊಮ್ಮೆ ಸೀಸೆ ಕೊಡುವಾಗ ಗೊಣಗುತ್ತಿದ್ದ.

"ಸೊನ್ನೆ ಇಲ್ದೆ ಲೆಕ್ಕ ಎಲ್ಲಿ ಹುಟ್ಟುತ್ತೆ ಅಣ್ಣ?" ಎಂದು ಅವಳು ನಗುತ್ತಿದ್ದಳು.

ಆ ತಿಂಗಳು ಕಂಪ್ಯೂಟರ್ ಕೆಟ್ಟು ರಿಪೇರಿಗೆ ಹೋಗಿತ್ತು. ದಿನವೂ ಕಳೆಯುವ ಲೆಕ್ಕವನ್ನು ಅದೇ ಮಾಡಿ, ಸೊನ್ನೆಗಿಂತ ಕೆಳಗೆ ಬಂದದ್ದನ್ನೆಲ್ಲ ಸೊನ್ನೆ ಎಂದೇ ಅಚ್ಚುಹಾಕಿ ಕೊಡುತ್ತಿತ್ತು. ಈಗ ಎಣಿಕೆಯಂತ್ರದ ಪರದೆಯಿಂದ ಹಸಿ ಅಂಕಿಯನ್ನು ತಾನೇ ಬರೆದುಕೊಂಡು ಪೆನ್ನಿನಲ್ಲಿ ಕಳೆಯಬೇಕು. ಮೊದಲು ಬಂದದ್ದು ಸ್ಟೋರ್ ಕೀಪರನ ಸೀಸೆ. ತಾಯಿಯ ಮಂಡಿಯ ಆಪರೇಷನ್ನಿಗೆಂದು ನಲವತ್ತು ದಿನ ರಜೆ ಹಾಕಿ ಹಿಂದಿನ ಸಂಜೆಯಷ್ಟೇ ಊರಿಗೆ ಮರಳಿದವನು. ಇಪ್ಪತ್ತಮೂರು. ಆಮೇಲೆ ಪಂಪಿನ ಫಿಟ್ಟರ್. ಸಾವಿರದ ಐನೂರ ಹತ್ತು. ಅವಳ ಹುಬ್ಬು ಮೇಲೇರಿತು. ಹೋದ ತಿಂಗಳು ಅವನದು ನಾನೂರೂ ಇರಲಿಲ್ಲ. ಕಳೆದು ನೋಡೋಣ ಎಂದು ಸೊನ್ನೆಯ ಸೀಸೆಯನ್ನು ಒಳಗಿಟ್ಟಳು.

ಸಾವಿರದ ನೂರ ನಲವತ್ತು.

ಸೀಸೆ ಅದಲುಬದಲಾಗಿದೆ ಎಂದುಕೊಂಡಳು. ಚೀಟಿ ನೋಡಿದಳು, ಅಣ್ಣನ ಕೈಬರಹ. ಗಾಜು ಕೊಳೆಯಾಗಿದೆ ಎಂದುಕೊಂಡು ಹೊಸದರಲ್ಲಿ ಹಾಕಿದಳು. ಸಾವಿರದ ನೂರ ಮೂವತ್ತಾರು. ಯಂತ್ರಕ್ಕೇ ತಲೆಕೆಟ್ಟಿದೆ ಎಂದು ನಲ್ಲಿ ನೀರು ಇಟ್ಟರೆ ಇಪ್ಪತ್ತು. ಕೊನೆಗೆ ಬಚ್ಚಲಿಗೆ ಹೋಗಿ ತನ್ನದೇ ಒಂದು ಸೀಸೆ ತುಂಬಿಸಿ ತಂದಿಟ್ಟಳು. ಯಂತ್ರಶಾಲೆಯ ಹೊಸಿಲು ಅವಳೂ ದಾಟಿದವಳಲ್ಲ. ನಾನೂರ ಹನ್ನೆರಡು.

ಅವಳು ಎದ್ದುಹೋಗಿ ಬಾಗಿಲು ಹಾಕಿ ಬಂದಳು. ಯಾಕೆ ಹಾಕಿದೆ ಎಂದು ಅವಳಿಗೂ ತಿಳಿಯಲಿಲ್ಲ.

ಎಣಿಕೆಯಂತ್ರದ ಹೊಟ್ಟೆಯಲ್ಲಿ ಕಾಗದದ ಸುರುಳಿಯೊಂದಿತ್ತು. ಯಾರೂ ಓದದಿದ್ದರೂ ಹಸಿ ಅಂಕಿಗಳನ್ನು ಅದು ತನ್ನ ಪಾಡಿಗೆ ಗೀಚುತ್ತಿತ್ತು. ಬಿಚ್ಚಿ ಹಿಂದಕ್ಕೆ ಸರಿಸುತ್ತ ಹೋದಳು. ಅಣ್ಣನ ಸೀಸೆ, ಆರು ತಿಂಗಳು: ಇಪ್ಪತ್ತೊಂದು, ಇಪ್ಪತ್ತೆರಡು, ನಲವತ್ತೆಂಟು, ತೊಂಬತ್ತೈದು, ಐನೂರ ಇಪ್ಪತ್ತು, ಸಾವಿರದ ನೂರ ನಲವತ್ತು. ಅಂದರೆ ನಾಲ್ಕು ತಿಂಗಳಿಂದ ಸೊನ್ನೆ ಸೊನ್ನೆಯಾಗಿರಲಿಲ್ಲ. ಏರುತ್ತ ಬಂದ ಆ ಸೊನ್ನೆಯನ್ನು ಕಂಪ್ಯೂಟರ್ ಕಣ್ಣುಮುಚ್ಚಿ ಎಲ್ಲರ ಲೆಕ್ಕದಿಂದ ಕಳೆದಿತ್ತು, ಬಂದ ಉತ್ತರದ ಕೆಳಗೆ "ಮಿತಿಯೊಳಗಿದೆ" ಎಂದು ಬರೆದು ಅವಳು ಸಹಿ ಹಾಕಿದ್ದಳು.

ಅವಳು ನೇರ ಕ್ಯಾಂಟೀನಿಗೆ ಇಳಿದಳು. ಹತ್ತೂವರೆಯ ಗಲಾಟೆ ಮುಗಿದಿತ್ತು. ಅಣ್ಣ ಎಂದಿನಂತೆ ಕೇಳದೆಯೇ ಒಂದು ಲೋಟ ಚಹಾ ಮುಂದಿಟ್ಟ. ಅವಳು ಅಭ್ಯಾಸಬಲದಿಂದ ಒಂದು ಗುಟುಕು ಕುಡಿದೂ ಬಿಟ್ಟಳು.

"ಅಣ್ಣ, ಚಹಾ ಬಲು ತಿಳಿಯಾಗಿದೆಯಲ್ಲ?"

"ಎರಡು ತಿಂಗಳಿಂದ ಹಾಗೇ ಇದೆ. ನಿನ್ನ ನಾಲಿಗೆಗೆ ಇವತ್ತು ಎಚ್ಚರ ಆಯ್ತಾ?"

"ಏನು ಬದಲಾಯಿಸಿದೆ?"

ಅಣ್ಣನಿಗೆ ಹುಮ್ಮಸ್ಸು ಬಂತು. ಅವಳನ್ನು ಒಲೆಯ ಹಿಂದಿನ ಮೂಲೆಗೆ ಕರೆದೊಯ್ದ. ಗೋಡೆಯ ಮೇಲೆ ಏಸಿ ಗುರುಗುಟ್ಟುತ್ತಿತ್ತು. ಅದರ ಕೊಳವೆಯ ತುದಿಯಿಂದ ಹನಿಹನಿಯಾಗಿ ನೀರು ಕೆಳಗಿನ ನೀಲಿ ಬಕೆಟ್ಟಿಗೆ ಬೀಳುತ್ತಿತ್ತು. "ನಲ್ಲಿ ನೀರಿನ ಸುಣ್ಣ ಕಟ್ಕೊಂಡು ಬಾಯ್ಲರಿನ ಕಾಯಿಲ್ ಸುಟ್ಟುಹೋಯ್ತಲ್ಲ, ಅವತ್ತಿಂದ ಇದನ್ನೇ ಹಿಡೀತಿದೀನಿ. ದಿನಕ್ಕೆ ಎರಡು ಬಕೆಟ್. ಮಳೆನೀರು ಇದರ ಮುಂದೆ ಏನೂ ಅಲ್ಲ. ಗಾಳೀಲಿದ್ದ ನೀರು ತಾನೆ, ಭೂಮಿ ಸೋಕಿಲ್ಲ. ಇದು ಗುಬ್ಬಿ ತಲೆಗೆ ಹೊಳೆದದ್ದು, ನಂದಲ್ಲ."

ಗುಬ್ಬಿ ಸ್ಟೂಲಿನ ಮೇಲೆ ಕೂತು ಲೋಟ ಒರೆಸುತ್ತಿದ್ದಳು. ಹೊಗಳಿಕೆ ಕೇಳಿ ಮೂಗು ಅರಳಿಸಿದಳು. ಅವಳ ಪಕ್ಕದಲ್ಲಿ ಅರ್ಧ ಖಾಲಿಯಾದ ಲೋಟ. ದಿನಕ್ಕೆ ಆರೇಳಾದರೂ ಕುಡಿಯುತ್ತಾಳೆ ಎಂದು ಅಣ್ಣನೇ ಮೊನ್ನೆ ಬೈದದ್ದು ಸೀಸೆಯಕ್ಕನಿಗೆ ನೆನಪಾಯಿತು.

"ಗುಬ್ಬೀ, ಒಂದು ಸೀಸೆ ತುಂಬಿಸಿಕೊಡ್ತೀಯಾ?"

"ಅಪ್ಪಂದು ಸಾಲ್ದೇ ಹೋಯ್ತಾ ಅತ್ತೆ?"

"ಈ ಸಲ ನಿಂದೂ ಬೇಕು."

ಅವಳ ದನಿ ಕೇಳಿ ಗುಬ್ಬಿ ಲೋಟ ಕೆಳಗಿಟ್ಟು ಎದ್ದಳು.

ಹನ್ನೆರಡು ಗಂಟೆಯ ಹೊತ್ತಿಗೆ ಅಂಕಿಗಳೆಲ್ಲ ಮೇಜಿನ ಮೇಲಿದ್ದವು. ಬಕೆಟ್ಟಿನ ನೀರು ಮೂರು ಸಾವಿರದ ಆರುನೂರು. ಚಹಾ ಹೆಚ್ಚೂಕಡಿಮೆ ಅಷ್ಟೇ. ಗುಬ್ಬಿ ಸಾವಿರದ ಮುನ್ನೂರ ತೊಂಬತ್ತು.

ಸುರಕ್ಷತಾ ಅಧಿಕಾರಿ ಮೂವತ್ತೈದರ ಮೃದು ಮಾತಿನ ಮನುಷ್ಯ. ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ಆತ ಮಾಡಿದ್ದೆಲ್ಲ ಚಕಚಕನೆ ಆಯಿತು. ಅವಳು ಊಹಿಸಿದ್ದಕ್ಕಿಂತ ಬೇಗ, ಅವಳು ಊಹಿಸದ ದಿಕ್ಕಿನಲ್ಲಿ. ಗಂಟೆಯೊಳಗೆ ಕ್ಯಾಂಟೀನಿಗೆ ಬೀಗ ಬಿತ್ತು. ಕಾವಲುಗಾರರಿಬ್ಬರು ಅಣ್ಣನನ್ನೂ ಗುಬ್ಬಿಯನ್ನೂ ಹೆಬ್ಬಾಗಿಲವರೆಗೆ ನಡೆಸಿಕೊಂಡು ಹೋದರು. ಅಣ್ಣನ ಹೆಗಲ ಮೇಲೆ ಲೋಟ ಒರೆಸುವ ಬಟ್ಟೆ ಹಾಗೇ ಇತ್ತು. "ಕ್ಯಾಂಟೀನಿನವರು ಅನಧಿಕೃತ ನೀರು ಬಳಸಿದ್ದರಿಂದ" ಎಂದು ಆರಂಭವಾಗುವ ಸೂಚನೆಯೊಂದು ಮಧ್ಯಾಹ್ನವೇ ಗೋಡೆಗಳ ಮೇಲೆ ಕಾಣಿಸಿತು.

"ಮೇಡಂ, ನೀವು ದೊಡ್ಡ ಅನಾಹುತ ತಪ್ಪಿಸಿದ್ರಿ" ಎಂದ ಅಧಿಕಾರಿ.

"ಸರ್, ನೀರು ಅಲ್ಲಿಗೆ ಬಂದದ್ದು ಗಾಳಿಯಿಂದ. ಗಾಳಿಗೆ ಎಲ್ಲಿಂದ ಬಂತು ಅಂತ ಹುಡುಕಬೇಕಲ್ವಾ?"

"ಚಿಮಣಿಯ ಮಾಪಕ ಮಿತಿಯೊಳಗೇ ತೋರಿಸ್ತಿದೆ."

"ಚಿಮಣಿ ಛಾವಣಿ ಮೇಲಿದೆ ಸರ್. ಏಸಿ ನೆಲಮಾಳಿಗೇಲಿದೆ."

ಆತ ಕಿಟಕಿಯ ಕಡೆ ನೋಡಿದ. ಹೊರಗೆ ಹುಲ್ಲಿನ ಮೇಲೆ ಶಾಮಿಯಾನದ ಕಂಬಗಳನ್ನು ಇಳಿಸುತ್ತಿದ್ದರು. ಇನ್ನು ಹನ್ನೊಂದು ದಿನಕ್ಕೆ ದೊಡ್ಡ ಒಲೆಯ ಓಟ, ಎಂದರೆ ಅದನ್ನು ಪೂರಾ ಉರಿಸಿ ತೋರಿಸುವ ದಿನ. ಎಂಟು ನಿಮಿಷ ಬೆಂಕಿ ಆರದೆ ಉರಿದು, ನುಂಗಿದ ಶಕ್ತಿಗಿಂತ ಹೆಚ್ಚು ಹೊರಗೆ ಕೊಡಬೇಕು. ದೇಶದ ದೊಡ್ಡವರೆಲ್ಲ ಬರುವವರಿದ್ದರು. "ಓಟ ಮುಗೀಲಿ" ಎಂದ. "ಆಮೇಲೆ ಬಿಚ್ಚಿ ನೋಡೋಣ, ಇಂಚಿಂಚೂ ನೋಡೋಣ."

ಆ ಸಂಜೆ ಮನೆಯ ಬಾಗಿಲು ತೆಗೆದವಳು ಗುಬ್ಬಿ. ಅಣ್ಣ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

"ನನ್ನ ಸೀಸೆ ತಗೊಂಡು ನನಗೇ ಗುಂಡಿ ತೋಡಿದೆಯಲ್ಲೇ" ಎಂದ, ತಿರುಗದೆ. "ಮೊದ್ಲು ನನ್ನ ಕಿವೀಲಿ ಹೇಳೋಕೆ ಏನಾಗಿತ್ತು? ಬಕೆಟ್ ಎತ್ತಿ ಚೆಲ್ತಿದ್ದೆ, ಮುಗೀತಿತ್ತು."

"ಚೆಲ್ಲಿದ್ರೆ ಮುಗೀತಿರ್ಲಿಲ್ಲ ಅಣ್ಣ."

"ಇಡೀ ಸಂಸ್ಥೆಗೆ ವಿಷ ಹಾಕಿದವನು ಅಂತ ಕಾವಲಿನವನು ನನ್ನ ಮುಖ ನೋಡಲಿಲ್ಲ. ಹದಿನಾರು ವರ್ಷ ನನ್ನ ಕೈಯ ಚಹಾ ಕುಡಿದವನು."

ಅವಳು ಗುಬ್ಬಿಯನ್ನು ಮಹಡಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ದಿನಕ್ಕೆ ಮೂರು ಲೀಟರ್ ನೀರು ಕುಡಿ, ಬೇಡ ಅನ್ನಿಸಿದರೂ ಕುಡಿ, ಒಳಗಿನದು ಬೇಗ ತೊಳೆದುಹೋಗುತ್ತೆ ಎಂದಳು. ಗುಬ್ಬಿ ತಲೆಯಾಡಿಸುತ್ತ ಕೇಳಿಸಿಕೊಂಡಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, "ಇದಕ್ಕೂ ಹೋಗಿರುತ್ತಾ ಅತ್ತೆ?" ಎಂದಳು.

"ನಿನ್ನ ನೀರೇ ಅದರ ನೀರು."

"ಅಂದ್ರೆ ಹೋಗಿರುತ್ತೆ."

"ಹೋಗಿರುತ್ತೆ. ಹೊರಗೂ ಬರುತ್ತೆ."

ಗುಬ್ಬಿ ಲೋಟ ಎತ್ತಿಕೊಂಡು ಗಟಗಟನೆ ಕುಡಿದಳು. ಇನ್ನೊಂದು ತುಂಬಿಸಿದಳು. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಕೂತವಳಿಗೆ, ಓಟ ಮುಗಿಯುವವರೆಗೆ ಕಾಯಲು ತನ್ನಿಂದ ಆಗದು ಎಂಬುದು ಖಾತ್ರಿಯಾಯಿತು.

ಮರುದಿನ ಅವಳು ಆರು ಸ್ಟೀಲ್ ಲೋಟಗಳನ್ನೂ ಒಂದು ಡಬ್ಬಿ ಐಸನ್ನೂ ಚೀಲದಲ್ಲಿಟ್ಟುಕೊಂಡು ಹೋದಳು. ತಣ್ಣನೆಯ ಲೋಟ ಬೆವರುತ್ತದೆ. ಆ ಬೆವರು ಕೋಣೆಯ ಗಾಳಿಯ ನೀರು. ಅದನ್ನು ಒರೆಸಿ ಎಣಿಸಿದರೆ ಗಾಳಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೇಕಿದ್ದದ್ದು ನೆಲಮಾಳಿಗೆಯ ಬೀಗದಕೈ, ಅದು ಸ್ಟೋರ್ ಕೀಪರನ ಸೊಂಟದಲ್ಲಿತ್ತು.

"ಐಸ್ ಲೋಟ ಇಡೋಕಾ?" ಎಂದ ಅವನು. "ಅಕ್ಕಾ, ಜನ ನಿಮಗೆ ಬಿಸಿಲು ಹತ್ತಿದೆ ಅಂತಾರೆ."

"ಅಂದ್ಕೊಳ್ಳಲಿ. ಇಡೀ ಕಟ್ಟಡದಲ್ಲಿ ಈಗ ಇಪ್ಪತ್ತಮೂರು ಇರೋದು ನೀನೊಬ್ಬನೇ ಗೊತ್ತಾ? ಹಾಗೇ ಇರಬೇಕು ಅಂದ್ರೆ ಬೀಗ ತೆಗಿ."

ಅವನು ಸೊಂಟದಿಂದ ಬೀಗದಕೈ ಬಿಚ್ಚಿಕೊಂಡು ಮುಂದೆ ನಡೆದ.

ಮೆಟ್ಟಿಲ ಬುಡದಲ್ಲಿ ಒಂದು ಲೋಟ, ಬೀಗ ಬಿದ್ದ ಕ್ಯಾಂಟೀನಿನ ಬಾಗಿಲಲ್ಲಿ ಒಂದು, ಉದ್ದನೆಯ ಓಣಿಯ ಉದ್ದಕ್ಕೂ ಹತ್ತು ಹತ್ತು ಹೆಜ್ಜೆಗೆ ಒಂದೊಂದು. ಕೊನೆಯದನ್ನು ಓಣಿ ಮುಗಿಯುವ ಕಬ್ಬಿಣದ ಬಾಗಿಲ ಮುಂದೆ ಇಟ್ಟಳು. ಅದರಾಚೆ ಪಂಪಿನ ಕೋಣೆ. ಒಲೆಯಲ್ಲಿ ಉರಿಯದೆ ಉಳಿದ ಅನಿಲವನ್ನು ಎಳೆದು ತಂದು ಮತ್ತೆ ಶುದ್ಧಮಾಡುವ ಜಾಗ. ದೀಪಗಳು ಒಂದು ಬಿಟ್ಟು ಒಂದು ಉರಿಯುತ್ತಿದ್ದವು. ಬಾಗಿಲ ಕೆಳಗಿನ ಸಂದಿನಿಂದ ಬೆಚ್ಚನೆಯ ಗಾಳಿ ಕಾಲಿಗೆ ತಾಗುತ್ತಿತ್ತು. ಒಳಗೆ ಪಂಪುಗಳು ದನ ಮೆಲುಕು ಹಾಕುವಂತೆ ಒಂದೇ ಸಮನೆ ಸದ್ದುಮಾಡುತ್ತಿದ್ದವು. ಲೋಟ ಬೆವರುವುದನ್ನು ಕಾಯುತ್ತ ಇಬ್ಬರೂ ನಿಂತರು. ಮೊದಲು ಮಂಜಿನಂತೆ ಮಬ್ಬು, ಆಮೇಲೆ ಸಣ್ಣ ಹನಿಗಳು, ಒಂದನ್ನೊಂದು ನುಂಗಿ ದಪ್ಪವಾಗಿ ಜಾರತೊಡಗಿದವು. ತಾನೂ ಇದೇ ಗಾಳಿಯನ್ನು ಎಳೆದುಕೊಳ್ಳುತ್ತಿದ್ದೇನೆ ಎಂದು ಹೊಳೆದು ಅವಳು ಉಸಿರು ಬಿಗಿಹಿಡಿದಳು. ಎಷ್ಟು ಹೊತ್ತು ಹಿಡಿದಾಳು? ಬಿಟ್ಟಳು.

ಮೆಟ್ಟಿಲ ಬುಡದಲ್ಲಿ ಒಂಬೈನೂರು. ಕ್ಯಾಂಟೀನಿನ ಬಾಗಿಲಲ್ಲಿ ಮೂರು ಸಾವಿರದ ಏಳುನೂರು. ಅಲ್ಲಿಂದ ಮುಂದೆ ಹೆಜ್ಜೆಹೆಜ್ಜೆಗೂ ಏರಿ, ಕಬ್ಬಿಣದ ಬಾಗಿಲ ಮುಂದೆ ಹನ್ನೊಂದು ಸಾವಿರ.

ಈ ಸಲ ಅವಳನ್ನು ನಿರ್ದೇಶಕರ ಕೋಣೆಗೇ ಕರೆಸಿದರು. ನಿರ್ದೇಶಕರು ಬಿಳಿಗೂದಲಿನ ಹಿರಿಯರು, ಇಪ್ಪತ್ತೇಳು ವರ್ಷ ಈ ಒಲೆಯ ಹಿಂದೆ ಸವೆದವರು. ಕುರ್ಚಿ ಎಳೆದು ಕೂರಿಸಿದರು. ಅವಳ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿ, ಕನ್ನಡಕ ಹಣೆಗೇರಿಸಿ ಓದಿದರು.

"ಬಕೆಟ್ ಇಟ್ಟದ್ದು ಯಾವಾಗ?"

"ಎರಡು ತಿಂಗಳ ಹಿಂದೆ. ಆದರೆ ನೋಡಿ ಸರ್, ಅದಕ್ಕೂ ಎರಡು ತಿಂಗಳ ಮೊದಲೇ ನಲವತ್ತೆಂಟು, ತೊಂಬತ್ತೈದು. ಆಗ ನಮ್ಮಣ್ಣ ನಲ್ಲಿ ನೀರಲ್ಲೇ ಚಹಾ ಮಾಡ್ತಿದ್ದ. ಮೈಗೆ ಹೋಗಿದ್ದು ಉಸಿರಿಂದ. ಬಕೆಟ್ ಸೋರಿಕೆ ಅಲ್ಲ ಸರ್. ಸೋರಿಕೆ ಇದೆ ಅಂತ ನಮಗೆ ತೋರಿಸಿಕೊಟ್ಟದ್ದು ಬಕೆಟ್."

"ಒಪ್ತೀನಿ" ಎಂದರು ನಿರ್ದೇಶಕರು. ಅವರು ಅಷ್ಟು ಸಲೀಸಾಗಿ ಒಪ್ಪಿದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು. "ಪಂಪಿನ ಕೋಣೆಯಲ್ಲಿ ಯಾವುದೋ ಸೀಲು ಹೋಗಿರಬೇಕು. ಬಿಚ್ಚಬೇಕು ಅಂದ್ರೆ ಎಲ್ಲ ತಣ್ಣಗೆ ಮಾಡಬೇಕು, ಅನಿಲ ಖಾಲಿ ಮಾಡಬೇಕು. ಮತ್ತೆ ಜೋಡಿಸಿ ಒಲೆ ಹಚ್ಚೋ ಹೊತ್ತಿಗೆ ಏಳು ತಿಂಗಳು. ಓಟಕ್ಕೆ ಹತ್ತು ದಿನ ಇದೆ. ಈ ಹತ್ತು ದಿನದಲ್ಲಿ ಯಾರೂ ಸಾಯೋದಿಲ್ಲ, ಇದು ನನಗೂ ಗೊತ್ತು, ನಿಮಗೂ ಗೊತ್ತು."

"ಸಾಯೋದಿಲ್ಲ ಸರ್."

"ಮತ್ತೆ?"

ಮತ್ತೆ ಏನು ಎಂದು ಅವಳು ಹೇಗೆ ಹೇಳಬೇಕು? ಸಾಯದಿರುವುದಕ್ಕೂ ಏನೂ ಆಗದಿರುವುದಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸುರಕ್ಷತಾ ಅಧಿಕಾರಿ ತಿಂಗಳ ಪ್ರಮಾಣಪತ್ರವನ್ನು ಅವಳ ಮುಂದೆ ಸರಿಸಿದ. ಅಂಕಿಗಳೆಲ್ಲ ಸರಿಯಾಗಿದ್ದವು, ನಲ್ಲಿ ನೀರನ್ನೇ ಸೊನ್ನೆಯಾಗಿ ಹಿಡಿದು ಹೊಸದಾಗಿ ಕಳೆದಿದ್ದರು. ಕೆಳಗೆ ಒಂದು ಸಾಲು: ಮೂಲ, ಕ್ಯಾಂಟೀನಿನ ನೀರು, ನಿವಾರಿಸಲಾಗಿದೆ.

"ಈ ಸಾಲಿಗೆ ನಾನು ಸಹಿ ಹಾಕಲ್ಲ" ಎಂದಳು.

"ನೀವು ಹಾಕದಿದ್ರೆ ಇನ್ಯಾರಾದ್ರೂ ಹಾಕ್ತಾರೆ" ಎಂದರು ನಿರ್ದೇಶಕರು. ಬೆದರಿಕೆಯ ದನಿಯಲ್ಲ, ದಣಿದವರ ದನಿ. "ಅಮ್ಮಾ, ಇಡೀ ಲೋಕ ಕಲ್ಲಿದ್ದಲು ಸುಟ್ಟು ಉಸಿರುಗಟ್ಟಿ ಕೂತಿದೆ. ನಮ್ಮದೊಂದು ಸೀಲಿನಿಂದ ಈ ಕೆಲಸವೇ ನಿಂತುಹೋದ್ರೆ ಎಷ್ಟು ಜನ ಸಾಯ್ತಾರೆ, ಅದನ್ನೂ ಎಣಿಸ್ತೀರಾ?"

ಅವಳು ಸುರುಳಿ ಸುತ್ತಿಕೊಂಡು ಎದ್ದಳು.

ಮೂರನೆಯ ದಿನ ರಜೆ ಬರೆದಿಟ್ಟು, ಬೆಳಗಿನ ಬಸ್ಸು ಹಿಡಿದು, ನಾಲ್ಕು ಗಂಟೆ ಪ್ರಯಾಣಮಾಡಿ, ಇಂಥ ಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರದ ನಿಗಾ ಮಂಡಳಿಯ ಕಚೇರಿಗೆ ಹೋದಳು. ತೊಡೆಯ ಮೇಲೆ ಊಟದ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಗಾಜಿನ ಸೀಸೆಗಳು. ಅಲ್ಲಿನ ತನಿಖಾಧಿಕಾರಿ ಐವತ್ತೈದು ದಾಟಿದ ಹೆಂಗಸು, ಮಾತು ಕಡಿಮೆ. ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು.

"ಇದು ನಿಮ್ಮ ಕೈಯಿಂದ ಬಂದದ್ದು. ಇದನ್ನು ಪುರಾವೆ ಅಂತ ನಾನು ತಗೊಳ್ಳೋಕಾಗಲ್ಲ. ನಾವೇ ಬಂದು ತೆಗೀಬೇಕು. ಅದಕ್ಕೆ ಆದೇಶ ಬೇಕು."

"ಎಷ್ಟು ದಿನ?"

"ಎಂಟು. ಓಡಾಡಿದ್ರೆ ಏಳು." ಆಮೇಲೆ ಕನ್ನಡಕ ತೆಗೆದು ಕೇಳಿದಳು: "ಆ ಸೊನ್ನೆಯ ಸೀಸೆ ಯಾರದ್ದು ಅಂದ್ರಿ?"

"ನಮ್ಮಣ್ಣಂದು."

ಹೆಂಗಸು ಒಂದು ಹಾಳೆಯನ್ನು ಎಳೆದುಕೊಂಡು ಬರೆಯತೊಡಗಿದಳು.

ಅಲ್ಲಿಂದ ಒಂಬತ್ತನೆಯ ದಿನ ಓಟ. ಆದೇಶ ಇನ್ನೂ ಬಂದಿರಲಿಲ್ಲ.

ಸೀಸೆಯಕ್ಕನಿಗೆ ಒಳಗೆ ಜಾಗವಿರಲಿಲ್ಲ. ಅವಳು ಪ್ರಯೋಗಶಾಲೆಯ ಕಿಟಕಿಯಲ್ಲಿ ನಿಂತಿದ್ದಳು. ಶಾಮಿಯಾನದ ಕೆಳಗಿನ ದೊಡ್ಡ ಪರದೆಯ ಮೇಲೆ ಕೆನ್ನೀಲಿಯ ಒಂದು ಬಳೆ ಹೊತ್ತಿಕೊಂಡು ನಡುಗುತ್ತ ನಿಂತಿತು. ಮೊದಲ ನಿಮಿಷ ಯಾರೂ ಕೆಮ್ಮಲಿಲ್ಲ. ಮೂರನೆಯ ನಿಮಿಷಕ್ಕೆ ಪಿಸುಮಾತು. ಐದಕ್ಕೆ ಯಾರೋ ಅಳುತ್ತಿದ್ದರು. ಅವಳ ಕಾಲ ಕೆಳಗೆ ಮಾತ್ರ ಪಂಪುಗಳ ಸದ್ದು ಏರುತ್ತ ಏರುತ್ತ ನೆಲವೇ ಜುಮ್ಮೆನ್ನುವಂತಾಗಿತ್ತು. ಒಲೆ ಉರಿದಷ್ಟೂ ಅವುಗಳಿಗೆ ಎಳೆತ ಹೆಚ್ಚು. ಎಂಟು ನಿಮಿಷ ತುಂಬಿದಾಗ ಎದ್ದ ಚಪ್ಪಾಳೆ ಕಿಟಕಿಯ ಗಾಜನ್ನು ಅಲುಗಾಡಿಸಿತು. ನುಂಗಿದ್ದರ ಒಂದೂವರೆ ಪಟ್ಟು ಹೊರಗೆ ಕೊಟ್ಟಿದೆ ಎಂದು ಧ್ವನಿವರ್ಧಕ ಕೂಗಿತು. ನಿರ್ದೇಶಕರು ಕೈಮುಗಿದು ನಿಂತಿದ್ದರು, ಕೆನ್ನೆಯ ಮೇಲೆ ನೀರು. ಅವಳಿಗೂ ಕಣ್ಣು ತುಂಬಿದವು. ಹನ್ನೆರಡು ವರ್ಷ ಅವಳೂ ಈ ಎಂಟು ನಿಮಿಷಕ್ಕಾಗಿಯೇ ಎಣಿಸಿದ್ದಳು.

ಚಪ್ಪಾಳೆ ನಿಲ್ಲುವ ಮುಂಚೆ ಸ್ಟೋರ್ ಕೀಪರ್ ಮೆಟ್ಟಿಲು ಹತ್ತಿ ಓಡಿಬಂದ. ಓಟ ಶುರುವಾಗುವ ಮೊದಲು ಅವನೇ ಓಣಿಯಲ್ಲಿ ಐಸಿನ ಲೋಟವೊಂದನ್ನು ಇಟ್ಟಿದ್ದ. ಬೆವರು ಒರೆಸಿದ ಕಾಗದವನ್ನು ಸೀಸೆಯಲ್ಲಿ ಹಾಕಿ ಕೊಟ್ಟು, ಏದುಸಿರು ಬಿಡುತ್ತ ನಿಂತ. ಎಣಿಕೆಯಂತ್ರ ಒಂದು ನಿಮಿಷ ಮಿನುಗಿತು. ಎರಡು ಲಕ್ಷದ ನಲವತ್ತು ಸಾವಿರ.

"ಇದು ನನ್ನ ಕೈಗೂ ಹತ್ತಿರುತ್ತಾ?" ಎಂದ ಅವನು, ಅಂಗೈ ನೋಡಿಕೊಳ್ಳುತ್ತ.

"ಹೋಗಿ ಸ್ನಾನ ಮಾಡು. ನೀರು ಕುಡಿ. ಕೆಳಗೆ ಯಾರನ್ನೂ ಬಿಡಬೇಡ."

"ನಾನು ಯಾರು ಅಕ್ಕಾ ಬಿಡದೆ ಇರೋಕೆ? ಅತಿಥಿಗಳಿಗೆ ಪಂಪಿನ ಕೋಣೆ ತೋರಿಸೋಕೆ ಕರ್ಕೊಂಡು ಬರ್ತಾ ಇದಾರೆ."

ಅವಳು ಓಡಿದಳು. ಮೆಟ್ಟಿಲ ಬುಡದಲ್ಲಿ ಸುರಕ್ಷತಾ ಅಧಿಕಾರಿ ಎದುರಾದ. ಹಿಂದೆ ನಗುನಗುತ್ತ ಹತ್ತು ಹದಿನೈದು ಜನ. ಅವಳು ಅಂಕಿ ಬರೆದ ಚೀಟಿಯನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಓದಿದ. ಆಮೇಲೆ ಅತಿಥಿಗಳ ಕಡೆ ತಿರುಗಿ, ದನಿ ನಡುಗದಂತೆ ನೋಡಿಕೊಂಡು, "ಲಿಫ್ಟು ಈ ಕಡೆ, ದಯವಿಟ್ಟು ಎಲ್ಲರೂ ಮೇಲಕ್ಕೆ" ಎಂದ. ಅವನು ಅಂದು ಮಾಡಿದ ಅದೊಂದು ಕೆಲಸಕ್ಕಾಗಿ ಅವಳು ಮುಂದೆ ಅವನನ್ನು ದೂರಲಿಲ್ಲ.

ನಿಗಾ ಮಂಡಳಿಯ ಆದೇಶ ಬಂದದ್ದು ಮರುದಿನ. ಬಿಳಿ ಉಡುಪಿನವರು ಮೂರು ವಾರ ಒಳಗೆ ಹೊರಗೆ ಓಡಾಡಿದರು. ಕೊನೆಗೆ ಸಿಕ್ಕದ್ದು ಒಂದು ಕವಾಟದೊಳಗಿನ ಸೀಲು, ಕಿರುಬೆರಳಿನಷ್ಟು ದಪ್ಪದ ರಬ್ಬರಿನ ಬಳೆ. ಟ್ರಿಟಿಯಮ್ಮಿನ ಕಿಡಿಗಳನ್ನೇ ತಿಂದು ತಿಂದು ಅದು ಹಪ್ಪಳದಂತೆ ಗರಿಗರಿಯಾಗಿ ಮೂರು ಕಡೆ ಬಿರಿದಿತ್ತು. ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದನ್ನು ಓಟದ ಅವಸರದಲ್ಲಿ ಎರಡು ವರ್ಷ ಮುಟ್ಟಿರಲಿಲ್ಲ. ಒಲೆ ತಣ್ಣಗಾಯಿತು. ನಿರ್ದೇಶಕರು ನಿವೃತ್ತಿ ಕೇಳಿಕೊಂಡರು. ಪತ್ರಿಕೆಗಳಲ್ಲಿ ಎಂಟು ನಿಮಿಷದ ಸುದ್ದಿ ಮೊದಲ ಪುಟದಲ್ಲಿ ಬಂತು, ರಬ್ಬರಿನ ಬಳೆಯ ಸುದ್ದಿ ಒಳಪುಟದಲ್ಲಿ. ಮುಂದಿನ ಒಲೆ ಇದರ ಹತ್ತರಷ್ಟು ದೊಡ್ಡದು, ಅದಕ್ಕೆ ಟ್ರಿಟಿಯಮ್ ಗ್ರಾಂ ಲೆಕ್ಕದಲ್ಲಲ್ಲ, ಕಿಲೋ ಲೆಕ್ಕದಲ್ಲಿ ಬೇಕು ಎಂದೂ ಅದೇ ಒಳಪುಟದಲ್ಲಿತ್ತು.

ಸೀಸೆಯಕ್ಕ ನಾಲ್ಕು ತಿಂಗಳ ದಾಖಲೆಗಳನ್ನು ಮತ್ತೆ ಲೆಕ್ಕಹಾಕಿದಳು. ತಪ್ಪಾಗಿ ಕಳೆದದ್ದನ್ನು ಇನ್ನೂರ ಹನ್ನೆರಡು ಜನರ ಹೆಸರಿನ ಮುಂದೆ ಮತ್ತೆ ಕೂಡಿಸಿದಳು. ಮಿತಿ ದಾಟಿದವರು ಒಂಬತ್ತು ಮಂದಿ. ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ಹೇಳಿದಳು. ಸೀಸೆಯ ಬಗ್ಗೆ ತಮಾಷೆ ಮಾಡುತ್ತಿದ್ದ ಪಂಪಿನ ಫಿಟ್ಟರ್ ಎಲ್ಲ ಕೇಳಿಸಿಕೊಂಡು, "ಸರಿ ಅಕ್ಕಾ" ಎಂದಷ್ಟೇ ಹೇಳಿ ಬಾಗಿಲು ಮೆಲ್ಲನೆ ಎಳೆದುಕೊಂಡು ಹೋದ.

ಅಣ್ಣನ ಮೇಲಿನ ಆರೋಪ ಹಿಂದಕ್ಕೆ ಹೋಯಿತು. ಕ್ಯಾಂಟೀನಿಗೆ ಮತ್ತೆ ಬಾ ಎಂದು ಸಂಸ್ಥೆ ಕಾಗದ ಬರೆಯಿತು. ಅವನು ಹೋಗಲಿಲ್ಲ. ಬಸ್ ನಿಲ್ದಾಣದ ಬಳಿ ಚಹಾದ ಅಂಗಡಿ ಇಟ್ಟ. ತಂಗಿಯ ಜೊತೆ ಮಾತು ಬಿಟ್ಟಿದ್ದ. ಅವಳ ಊಟ ಮಾತ್ರ ದಿನವೂ ಮಹಡಿಯ ಮೆಟ್ಟಿಲ ಮೇಲೆ ಮುಚ್ಚಿಟ್ಟಿರುತ್ತಿತ್ತು. ಗುಬ್ಬಿ ವಾರಕ್ಕೊಂದು ಸೀಸೆ ಕೊಡುತ್ತ ಬಂದಳು. ಸಾವಿರದ ಮುನ್ನೂರು ಏಳುನೂರಾಯಿತು, ಮುನ್ನೂರೈವತ್ತಾಯಿತು, ಮೂರನೆಯ ತಿಂಗಳಿಗೆ ಇಪ್ಪತ್ತೈದಕ್ಕೆ ಇಳಿಯಿತು. ಪುಸ್ತಕದಲ್ಲಿ ಬರೆದಂತೆಯೇ.

ಹೆರಿಗೆ ಒಂದು ಮಧ್ಯಾಹ್ನ ಆಯಿತು. ಅಣ್ಣ ತಂಗಿ ಇಬ್ಬರೂ ಆಸ್ಪತ್ರೆಯ ಮೊಗಸಾಲೆಯ ಎರಡು ತುದಿಯ ಬೆಂಚುಗಳಲ್ಲಿ ಕೂತಿದ್ದರು. ನರ್ಸು ಕರೆದಾಗ ಅಣ್ಣ ಒಳಗೆ ಹೋದ. ಹತ್ತು ನಿಮಿಷ ಬಿಟ್ಟು ಹೊರಗೆ ಬಂದು, ಮೊಗಸಾಲೆಯನ್ನು ಉದ್ದಕ್ಕೆ ದಾಟಿ, ಅವಳ ಮುಂದೆ ನಿಂತ.

"ಹೆಣ್ಣು" ಎಂದ. ಮೂರು ತಿಂಗಳಲ್ಲಿ ಅವಳಿಗೆ ಹೇಳಿದ ಮೊದಲ ಮಾತು. "ಎರಡೂ ಮುಕ್ಕಾಲು ಕಿಲೋ. ಕೈಕಾಲು ಎಲ್ಲ ನೆಟ್ಟಗಿದೆ. ಡಾಕ್ಟ್ರು ಎಲ್ಲ ಸರಿ ಇದೆ ಅಂದ್ರು."

ಅಣ್ಣ ಕದಲಲಿಲ್ಲ.

"ಡಾಕ್ಟ್ರು ಅಂದ್ರು. ನೀನು ಹೇಳು. ಸರಿ ಇದೆಯಾ?"

ಸುಳ್ಳು ಹೇಳಬಹುದಿತ್ತು. ಎದುರಿಗೆ ನಿಂತವನು ಅದಕ್ಕಾಗಿಯೇ ಕಾಯುತ್ತಿದ್ದ. ಅವಳು ಅವನ ಮುಖ ನೋಡಿದಳು, ಗಡ್ಡ ಪೂರಾ ಬೆಳ್ಳಗಾಗಿತ್ತು.

"ಈಗ ಸರಿ ಇದೆ ಅಣ್ಣ."

"ಈಗ ಅಂದ್ರೆ?"

"ಪ್ರಮಾಣ ಕಡ್ಮೆ. ಬಹಳ ಕಡ್ಮೆ. ಬಹುಶಃ ಏನೂ ಆಗಲ್ಲ."

"ಬಹುಶಃ" ಎಂದ ಅಣ್ಣ. ಆ ಶಬ್ದವನ್ನು ಬಾಯಲ್ಲಿ ಇಟ್ಟುಕೊಂಡು ನಿಂತ. "ಯಾವಾಗ ಗೊತ್ತಾಗುತ್ತೆ?"

"ಅದು ದೊಡ್ಡವಳಾಗಬೇಕು."

"ಎಷ್ಟು ದೊಡ್ಡವಳು?"

ಒಳಗೆ ಮಗು ಅಳತೊಡಗಿತು, ಸಿಟ್ಟಿನ, ಗಟ್ಟಿಯಾದ ಅಳು. ಇಬ್ಬರೂ ಬಾಗಿಲಿನ ಕಡೆ ತಿರುಗಿದರು. ಅಣ್ಣ ಅವಳ ತೋಳು ಹಿಡಿದು ಎಬ್ಬಿಸಿದ. ಹಿಡಿತ ಬಿಗಿಯಾಗಿತ್ತು, ಸಿಟ್ಟಿಗೋ ಆಸರೆಗೋ ಅವಳಿಗೆ ತಿಳಿಯಲಿಲ್ಲ. "ಬಾ" ಎಂದ, "ಗುಬ್ಬಿ ನಿನ್ನನ್ನೇ ಕೇಳ್ತಿದಾಳೆ. ಅವಳೂ ಇದನ್ನೇ ಕೇಳ್ತಾಳೆ. ಏನು ಹೇಳ್ತೀಯೋ ನೋಡ್ಕೋ."